ಲ್ಯಾಮಿನೇಷನ್ ಮಾಡಿಸಿದ ಚೀಟಿಗೆ ಮಾತ್ರೆ ಇಲ್ಲವಂತೆ: ಇದು ಕಾನೂನೋ, ಅಂಗಡಿಯವರ ಹಟವೋ?

ಭತ್ತದ ಬಯಲು, ಸಿರುಗುಪ್ಪ (ಗುರುವಾರ)

ನಮ್ಮ ಅವ್ವನಿಗೆ 68 ವರ್ಷ. ಅಪ್ಪ ತೀರಿಕೊಂಡ ವರ್ಷ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ ಎಂದು ನಡುರಾತ್ರಿ ಎದ್ದು ಕೂರುತ್ತಿದ್ದಳು. ಬಳ್ಳಾರಿಯ ವೈದ್ಯರೊಬ್ಬರು ಅಲ್ಪ್ರಾಜೋಲಮ್ 0.25 ಮಿಲಿಗ್ರಾಂ, ರಾತ್ರಿಗೊಂದು ಎಂದು ಬರೆದುಕೊಟ್ಟರು. ಅದಾಗಿ ಆರು ವರ್ಷ. ಚೀಟಿ ಹರಿದು ಹೋದೀತೆಂದು ಅವ್ವ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಪಡಿತರ ಚೀಟಿಯ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ. ತಿಂಗಳಿಗೊಮ್ಮೆ ಅದನ್ನು ತೆಗೆದು ನನ್ನ ಕೈಗೆ ಕೊಡುತ್ತಾಳೆ. ನಾನು ಅಂಗಡಿಗೆ ಹೋಗಿ ಮೂರು ಸ್ಟ್ರಿಪ್ ತರುತ್ತೇನೆ. ಇಷ್ಟು ವರ್ಷ ಹೀಗೆಯೇ ನಡೆದಿದೆ.

ಈ ತಿಂಗಳು ಕೊಡಲಿಲ್ಲ. ಅಂಗಡಿಯನ್ನು ಈಗ ಮಾಲೀಕರ ಮಗ ನೋಡಿಕೊಳ್ಳುತ್ತಿದ್ದಾನೆ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಆರು ವರ್ಷದ ಹಿಂದಿನದು, ಹೊಸದು ಬರೆಸಿಕೊಂಡು ಬನ್ನಿ’ ಎಂದ. ನಿಮ್ಮ ತಂದೆ ಕೊಡುತ್ತಿದ್ದರಲ್ಲ ಎಂದೆ. ‘ಅವರ ಕಾಲ ಬೇರೆ, ಈಗ ತಪಾಸಣೆ ಜೋರಾಗಿದೆ’ ಎಂದ. ಬಳ್ಳಾರಿಗೆ ಹೋಗಿ ಬರುವುದೆಂದರೆ ಅವ್ವನಿಗೆ ಒಂದು ದಿನದ ಕೆಲಸ, ಮೊಣಕಾಲು ಬೇರೆ ನೋವು. ಉಳಿದಿರುವುದು ನಾಲ್ಕೇ ಮಾತ್ರೆ. ನಿಜವಾಗಿಯೂ ಇಂಥ ನಿಯಮ ಇದೆಯೇ, ಅಥವಾ ಹುಡುಗ ದೊಡ್ಡಸ್ತಿಕೆ ತೋರಿಸುತ್ತಿದ್ದಾನೆಯೇ?

ಮಿರ್ಚಿ ಮಂಡಕ್ಕಿ, ಬಳ್ಳಾರಿ

ಹಟವೇ. ಪಕ್ಕದ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ.

ಕಲ್ಲು ಕೋಟೆ, ರಾಯಚೂರು

ಪಕ್ಕದ ಅಂಗಡಿಯಲ್ಲಿ ಕೇಳಿ ಎನ್ನುವ ಸಲಹೆಯಿಂದಲೇ ನಮ್ಮ ಭಾಗ ಹೀಗಾಗಿರುವುದು.

ಗಲ್ಲಾಪೆಟ್ಟಿಗೆ, ಗಂಗಾವತಿ

ನಾನು ಇಪ್ಪತ್ತೆರಡು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಆ ಹುಡುಗ ಹೇಳಿದ್ದು ಸರಿ, ತಪ್ಪು ಮಾಡಿದ್ದು ಅವನ ತಂದೆ. ಬೈಯುವ ಮುಂಚೆ ಸ್ವಲ್ಪ ಓದಿ.

ಅಲ್ಪ್ರಾಜೋಲಮ್ ಇರುವುದು ಷೆಡ್ಯೂಲ್ ಎಚ್1 ಪಟ್ಟಿಯಲ್ಲಿ. 2013ರಲ್ಲಿ ಅಧಿಸೂಚನೆ ಆಗಿ, 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಪಟ್ಟಿ ಅದು. ಆರಂಭದಲ್ಲಿ 46 ಔಷಧಗಳಿದ್ದವು. ಇವುಗಳಿಗೆ ನಮ್ಮ ಅಂಗಡಿಯಲ್ಲಿ ಬೇರೆಯೇ ಒಂದು ರಿಜಿಸ್ಟರ್ ಇಡಬೇಕು. ಬರೆದುಕೊಟ್ಟ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಯಾವುದು, ಎಷ್ಟು ಕೊಟ್ಟೆವು, ಎಲ್ಲವನ್ನೂ ಬರೆದು ಮೂರು ವರ್ಷ ಕಾಪಾಡಬೇಕು. ಔಷಧ ಪರಿವೀಕ್ಷಕರು ಬಂದಾಗ ಸಗಟು ಬಿಲ್ಲನ್ನೂ ರಿಜಿಸ್ಟರನ್ನೂ ಎದುರುಬದುರು ಇಟ್ಟು ತಾಳೆ ನೋಡುತ್ತಾರೆ. ಹತ್ತು ಡಬ್ಬಿ ಖರೀದಿಸಿ ಏಳು ಡಬ್ಬಿಗೆ ಲೆಕ್ಕ ಕೊಟ್ಟರೆ ಉಳಿದ ಮೂರಕ್ಕೆ ನಾನು ಏನು ಹೇಳಲಿ? ಗೊತ್ತಿರುವ ಅವ್ವ ಒಬ್ಬರು ತೆಗೆದುಕೊಂಡು ಹೋದರು ಎನ್ನಲೇ?

ಇನ್ನು ಚೀಟಿಯ ವಿಷಯ. 1945ರ ಔಷಧ ನಿಯಮಗಳಲ್ಲಿ 65ನೆಯ ನಿಯಮ ನೋಡಿ. ಒಂದು ಚೀಟಿಗೆ ಒಂದೇ ಸಲ ಔಷಧ. ಮತ್ತೆ ಮತ್ತೆ ಕೊಡಬಹುದೆಂದು ವೈದ್ಯರೇ ಬರೆದಿದ್ದರೆ ಮಾತ್ರ, ಅವರು ಬರೆದಷ್ಟು ಸಲ. ಕೊಟ್ಟಾಗಲೆಲ್ಲ ವೈದ್ಯರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ, ದಿನಾಂಕ ನಮೂದಿಸಬೇಕು. ಈಗ ನೀವೇ ಹೇಳಿ, ಲ್ಯಾಮಿನೇಷನ್ ಮಾಡಿಸಿದ ಚೀಟಿಯ ಮೇಲೆ ಮೊಹರು ಎಲ್ಲಿ ಒತ್ತುವುದು? ಪ್ಲಾಸ್ಟಿಕ್ಕಿನ ಮೇಲೆ ಒತ್ತಿದರೆ ಬೆರಳಿಗೆ ಅಂಟುತ್ತದೆ.

ಭತ್ತದ ಬಯಲು, ಸಿರುಗುಪ್ಪ

ಅಣ್ಣಾ, ಲ್ಯಾಮಿನೇಷನ್ ಹಿಂದೆ ಇಷ್ಟು ಕಥೆ ಇದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವ್ವನಿಗೆ ಹೇಳಿದೆ. ‘ಇಪ್ಪತ್ತು ರೂಪಾಯಿ ಕೊಟ್ಟು ಮಾಡಿಸಿದ್ದೇನೆ’ ಎಂದು ನನ್ನ ಮೇಲೆಯೇ ಸಿಟ್ಟಾದಳು.

ನಿವೃತ್ತ ಮೇಷ್ಟ್ರು, ಕುಷ್ಟಗಿ

ನಮ್ಮ ಊರಿನಲ್ಲಿ ಇಷ್ಟೆಲ್ಲ ತಾಪತ್ರಯ ಇಲ್ಲ. ಆರ್‌ಎಂಪಿ ಡಾಕ್ಟರ್ ಒಬ್ಬರಿದ್ದಾರೆ, ಬರೆದುಕೊಡುತ್ತಾರೆ. ಕಾನೂನಿನಲ್ಲೂ ಆರ್‌ಎಂಪಿ ಬರೆದ ಚೀಟಿ ನಡೆಯುತ್ತದೆ ಎಂದೇ ಇದೆ, ಓದಿದ್ದೇನೆ.

ಕರಿ ಕೋಟು, ಬಳ್ಳಾರಿ

ಮೇಷ್ಟ್ರೇ, ದಯವಿಟ್ಟು ಕ್ಷಮಿಸಿ, ನಗು ತಡೆಯಲಾಗಲಿಲ್ಲ. ಕಾನೂನು ಹೇಳುವ ಆರ್‌ಎಂಪಿ ಎಂದರೆ ನೋಂದಾಯಿತ ವೈದ್ಯ, ಪದವಿ ಪಡೆದು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸಿಕೊಂಡವರು. ನಮ್ಮ ಹಳ್ಳಿಗಳಲ್ಲಿ ಆರ್‌ಎಂಪಿ ಎನ್ನುವುದು ಎಲ್ಲೋ ಕಾಂಪೌಂಡರ್ ಆಗಿದ್ದು, ಸೂಜಿ ಹಾಕಲು ಕಲಿತು, ಬೋರ್ಡು ತಗುಲಿಸಿಕೊಂಡವರನ್ನು. ಹೆಸರು ಒಂದೇ, ಮನುಷ್ಯ ಬೇರೆ. ಅವರು ಬರೆದ ಚೀಟಿಗೆ ಎಚ್1 ಔಷಧ ಕೊಟ್ಟರೆ ಅಂಗಡಿಯವರ ಪರವಾನಗಿಗೇ ಕುತ್ತು.

ನಿವೃತ್ತ ಮೇಷ್ಟ್ರು, ಕುಷ್ಟಗಿ

ಮೂವತ್ತು ವರ್ಷದಿಂದ ಆ ಮನುಷ್ಯನಿಗೆ ಡಾಕ್ಟರ್ ಎಂದು ನಮಸ್ಕಾರ ಮಾಡಿದ್ದೇನೆ. ಇರಲಿ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ಎದ್ದು ಬರುವವನು ಅವನೇ.

ಕಲ್ಲು ಕೋಟೆ, ರಾಯಚೂರು

ಎದ್ದು ಬರುತ್ತಾನೆ ನಿಜ. ಬಂದು ಏನು ಹಾಕುತ್ತಾನೆ ಎನ್ನುವುದೇ ಪ್ರಶ್ನೆ.

ಸ್ಟೆತಸ್ಕೋಪು, ರಾಯಚೂರು

ಕಾನೂನಿನ ವಾದ ಮುಂದುವರಿಸಿ, ಅದಕ್ಕಿಂತ ತುರ್ತಾದ ಒಂದು ಮಾತು ಹೇಳಿಬಿಡುತ್ತೇನೆ. ನಾಲ್ಕು ಮಾತ್ರೆ ಉಳಿದಿವೆ ಎಂದಿರಿ. ಅವು ಮುಗಿದ ಮೇಲೆ ‘ಸಿಗಲಿಲ್ಲ, ಬಿಟ್ಟರಾಯಿತು’ ಎಂದು ಸುಮ್ಮನಾಗಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ಈ ಜಾತಿಯ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ನಿದ್ದೆ ಕೆಡುವುದು ಸಣ್ಣ ಮಾತು. ಕೈ ನಡುಕ, ಬೆವರು, ವಿಪರೀತ ಗಾಬರಿ ಬರಬಹುದು. ಕೆಲವರಿಗೆ ಫಿಟ್ಸ್ ಬಂದು ಬೀಳುವುದೂ ಇದೆ. ನಿಲ್ಲಿಸುವುದಾದರೂ ವೈದ್ಯರ ಕಣ್ಣಳತೆಯಲ್ಲಿ, ವಾರಗಟ್ಟಲೆ ಸಮಯ ತೆಗೆದುಕೊಂಡು, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಆರು ವರ್ಷ ಯಾವ ವೈದ್ಯರೂ ಮತ್ತೆ ನೋಡದೆ ಈ ಮಾತ್ರೆ ನಡೆದಿದೆ. ದುಃಖದಲ್ಲಿದ್ದವರಿಗೆ ಕೆಲವು ವಾರಕ್ಕೆಂದು ಬರೆದದ್ದು ಆರು ವರ್ಷವಾಗಿದೆ. ವಯಸ್ಸಾದವರಲ್ಲಿ ಇದು ತೂಕಡಿಕೆ, ಮರೆವು ತರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ತಪ್ಪಿ ಬಿದ್ದು ಸೊಂಟ ಮುರಿದುಕೊಂಡು ಬರುವ ಅಜ್ಜಿಯರನ್ನು ನಾವು ನೋಡುತ್ತಲೇ ಇರುತ್ತೇವೆ. ಹುಡುಗ ಕೊಡಲಿಲ್ಲ ಎಂಬ ನೆಪದಲ್ಲಾದರೂ ಒಮ್ಮೆ ತೋರಿಸಿ.

ಭತ್ತದ ಬಯಲು, ಸಿರುಗುಪ್ಪ

ಡಾಕ್ಟರೇ, ಹೋದ ದೀಪಾವಳಿಯಲ್ಲಿ ಅವ್ವ ಬಚ್ಚಲಲ್ಲಿ ಬಿದ್ದಿದ್ದಳು. ಪಾಚಿ ಕಟ್ಟಿದೆ ಎಂದು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದೆ. ಮಾತ್ರೆಯ ಕಡೆ ಯೋಚನೆಯೇ ಹೋಗಿರಲಿಲ್ಲ.

ಫೋನಿನಲ್ಲಿ ಡಾಕ್ಟರರನ್ನು ಮಾತನಾಡಿಸಿ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡರೆ ನಡೆಯುತ್ತದೆಯೇ?

ಕರಿ ಕೋಟು, ಬಳ್ಳಾರಿ

ಬೇರೆ ಮಾತ್ರೆಗಾದರೆ ನಡೆದೀತು, ಇದಕ್ಕೆ ಇಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಒಂದು ನಿಷೇಧಿತ ಪಟ್ಟಿ ಇದೆ. ಇನ್ನೂ ಬಿಗಿ ನಿಯಮವಿರುವ ಷೆಡ್ಯೂಲ್ ಎಕ್ಸ್ ಔಷಧಗಳು ಮತ್ತು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬರುವ ಮಾದಕ, ಮನೋಪರಿಣಾಮಿ ಔಷಧಗಳು ಆ ಪಟ್ಟಿಯಲ್ಲಿವೆ. ಅಲ್ಪ್ರಾಜೋಲಮ್ 1985ರ ಎನ್‌ಡಿಪಿಎಸ್ ಕಾಯ್ದೆಯ ಅನುಸೂಚಿಯಲ್ಲೂ ಇದೆ. ಸ್ಟ್ರಿಪ್ಪಿನ ಎಡ ಮೂಲೆಯಲ್ಲಿ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ ಎಂದು ಮುದ್ರಿಸುವುದು ಅದಕ್ಕೇ.

ಬಿಸಿಲು ಕುದುರೆ, ದೇವದುರ್ಗ

ಎಲ್ಲರೂ ಅಜ್ಜಿಯ ಮೂರು ಸ್ಟ್ರಿಪ್ ಹಿಡಿದುಕೊಂಡು ಕೂತಿದ್ದೀರಿ. ನಮ್ಮ ರಾಯಚೂರು ಸೀಮೆಯಲ್ಲಿ ಕಲಬೆರಕೆ ಸೇಂದಿಯ ಕಥೆ ಯಾರಿಗೆ ಗೊತ್ತಿಲ್ಲ? ಮರದಿಂದ ಇಳಿದದ್ದು ಹನಿಯಷ್ಟು, ಉಳಿದದ್ದು ನೀರು, ಸ್ಯಾಕರಿನ್, ಸಿ.ಎಚ್. ಪೌಡರ್. ಅದೇ ಕ್ಲೋರಲ್ ಹೈಡ್ರೇಟ್. ಕೆಲವು ಕಡೆ ಡಯಾಜೆಪಾಮ್, ಇದೇ ಅಲ್ಪ್ರಾಜೋಲಮ್. ನಮ್ಮ ಸೋದರಮಾವ ದಿನಾ ಸಂಜೆ ಕುಡಿಯುತ್ತಿದ್ದ. ಒಂದು ವಾರ ಪೊಲೀಸರು ದಾಳಿ ಮಾಡಿ ಅಂಗಡಿ ಮುಚ್ಚಿಸಿದಾಗ ಮಾವ ಕೈಕಾಲು ನಡುಗಿಸುತ್ತಾ, ಗೋಡೆಯ ಜೊತೆ ಮಾತನಾಡುತ್ತಾ ಕೂತಿದ್ದ. ದೆವ್ವ ಹಿಡಿದಿದೆ ಎಂದು ಮನೆಯವರು ತಾಯಿತ ಕಟ್ಟಿಸಿದರು. ಡಾಕ್ಟರರು ಈಗ ಬರೆದದ್ದನ್ನು ಓದಿದ ಮೇಲೆ ಗೊತ್ತಾಯಿತು, ಅದು ಯಾವ ದೆವ್ವ ಎಂದು.

ಆ ಪುಡಿ ಔಷಧ ಅಂಗಡಿಯಿಂದ ಸ್ಟ್ರಿಪ್ಪಿನ ಲೆಕ್ಕದಲ್ಲಿ ಬರುವುದಿಲ್ಲ ಸ್ವಾಮಿ, ಕಿಲೋ ಲೆಕ್ಕದಲ್ಲಿ ಬರುತ್ತದೆ. ಗುಟ್ಟಾಗಿ ಅಲ್ಪ್ರಾಜೋಲಮ್ ತಯಾರಿಸುತ್ತಿದ್ದ ಘಟಕಗಳು ತೆಲಂಗಾಣದಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ ನಾವು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು.

ಗಲ್ಲಾಪೆಟ್ಟಿಗೆ, ಗಂಗಾವತಿ

ಎಮ್ಮೆ ಎಂದರೆ ಇಲ್ಲಿ ನಾವೇ. ಆದರೂ ಒಂದು ಮಾತು. ಸ್ಟ್ರಿಪ್ಪಿನ ಲೆಕ್ಕದಲ್ಲೂ ಕೇಳುವವರು ಇದ್ದಾರೆ. ಸಂಜೆ ಏಳರ ನಂತರ ಬೈಕಿನಲ್ಲಿ ಮೂವರು ಹುಡುಗರು ಬಂದು, ಒಬ್ಬ ಮಾತ್ರ ಇಳಿದು, ಟ್ರಮಡಾಲ್ ಎಂಬ ನೋವಿನ ಮಾತ್ರೆಯ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಿದರೆ ನನಗೆ ಅರ್ಥವಾಗುತ್ತದೆ. ಬೆನ್ನುನೋವಿನವನು ಹೆಸರು ಮರೆತು ‘ಆ ಹಸಿರು ಮಾತ್ರೆ’ ಎನ್ನುತ್ತಾನೆ. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಪಟ್ಟಿಗೂ ಸೇರಿದೆ. ಇಲ್ಲ ಎಂದದ್ದಕ್ಕೆ ಒಮ್ಮೆ ನನ್ನ ಅಂಗಡಿಯ ಬೋರ್ಡಿನ ದೀಪ ಒಡೆದು ಹೋದರು.

ಕಪ್ಪು ಮಣ್ಣು, ಮಾನ್ವಿ

ಎಲ್ಲ ಅಂಗಡಿಯವರೂ ನಿಮ್ಮ ಹಾಗಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಎಷ್ಟು ಅಂಗಡಿಗಳಲ್ಲಿ ಫಾರ್ಮಸಿಸ್ಟ್ ಪ್ರಮಾಣಪತ್ರ ಗೋಡೆಯ ಮೇಲೆ ಇದೆ, ಮನುಷ್ಯ ಮಾತ್ರ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ? 1948ರ ಫಾರ್ಮಸಿ ಕಾಯ್ದೆಯ 42ನೆಯ ಸೆಕ್ಷನ್ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ಕೊಡುವಂತಿಲ್ಲ. ನಮ್ಮ ಓಣಿಯಲ್ಲಿ ಕೊಡುವವನು ಪಿಯುಸಿ ಫೇಲಾದ ಹುಡುಗ. ಮಗುವಿನ ಜ್ವರಕ್ಕೆ ಅವನೇ ಅಜಿತ್ರೊಮೈಸಿನ್ ಕೊಟ್ಟ. ಅದೂ ಎಚ್1 ಅಲ್ಲವೇ?

ಗಲ್ಲಾಪೆಟ್ಟಿಗೆ, ಗಂಗಾವತಿ

ಅಜಿತ್ರೊಮೈಸಿನ್ ಎಚ್1 ಅಲ್ಲ, ಬರೀ ಎಚ್. ಹಾಗೆಂದು ಚೀಟಿ ಇಲ್ಲದೆ ಕೊಡಬಹುದು ಎಂದಲ್ಲ, ಎಚ್‌ಗೂ ಚೀಟಿ ಬೇಕು, ಪ್ರತ್ಯೇಕ ಎಚ್1 ರಿಜಿಸ್ಟರ್ ಮಾತ್ರ ಬೇಡ. ಎಚ್1 ಪಟ್ಟಿಯಲ್ಲಿರುವುದು ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್, ಮೆರೊಪೆನೆಮ್‌ನಂಥವು, ಜೊತೆಗೆ ರಿಫಾಂಪಿಸಿನ್, ಐಸೋನಿಯಜಿಡ್‌ನಂಥ ಟಿಬಿ ಔಷಧಗಳು. ಎಚ್1 ಎಂದರೆ ನಿದ್ದೆ ಮಾತ್ರೆ ಎಂದೇ ಜನ ತಿಳಿದಿದ್ದಾರೆ. ಪಟ್ಟಿಯ ಬಹುಪಾಲು ಆ್ಯಂಟಿಬಯಾಟಿಕ್ ಮತ್ತು ಟಿಬಿ ಔಷಧ.

ಬಾಡಿಗೆ ಪ್ರಮಾಣಪತ್ರದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಇದೆ. ನಾಚಿಕೆಗೇಡು.

ಸ್ಟೆತಸ್ಕೋಪು, ರಾಯಚೂರು

ವೈದ್ಯರದ್ದೂ ತಪ್ಪಿದೆ, ಒಪ್ಪುತ್ತೇನೆ. ಅಕ್ಷರ ಓದುವಂತಿರಬೇಕು, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ, ಔಷಧದ ಮೂಲ ಹೆಸರಿನಲ್ಲಿ ಬರೆಯಬೇಕು ಎಂದು 2016ರಲ್ಲೇ ವೈದ್ಯಕೀಯ ಮಂಡಳಿ ತನ್ನ ನಿಯಮ ತಿದ್ದಿತು. ಚೀಟಿಯಲ್ಲಿ ದಿನಾಂಕ, ಸಹಿ, ರೋಗಿಯ ಹೆಸರು ವಿಳಾಸ, ಒಟ್ಟು ಎಷ್ಟು ಮಾತ್ರೆ, ಹೇಗೆ ತೆಗೆದುಕೊಳ್ಳಬೇಕು, ಇಷ್ಟೂ ಇರಬೇಕು. ‘ಒಟ್ಟು ಎಷ್ಟು’ ಎನ್ನುವುದನ್ನು ನಮ್ಮವರಲ್ಲಿ ಅರ್ಧ ಜನ ಬರೆಯುವುದಿಲ್ಲ. ಅಲ್ಲಿಂದಲೇ ಎಲ್ಲ ಗೊಂದಲ.

ಹಗೇವು, ಕಾರಟಗಿ

ಎತ್ತಿಗೆ ಪಶುವೈದ್ಯರು ಬರೆದ ಚೀಟಿಯಲ್ಲಿ ಎತ್ತಿನ ಹೆಸರು ಬರೆಯಬೇಕೋ ನನ್ನ ಹೆಸರೋ? ನಿಜವಾಗಿ ಕೇಳುತ್ತಿದ್ದೇನೆ.

ಕರಿ ಕೋಟು, ಬಳ್ಳಾರಿ

ಮಾಲೀಕರ ಹೆಸರು, ವಿಳಾಸ. ಅದೇ 65ನೆಯ ನಿಯಮದಲ್ಲಿದೆ. ಎತ್ತಿಗೆ ಬೇಸರವಾಗದಂತೆ ನೋಡಿಕೊಳ್ಳಿ.

ಹುಣಸೆ ನೆರಳು, ಕೊಪ್ಪಳ

ನನ್ನದು ಬೇರೆ ಥರದ ನೋವು, ಆದರೂ ಇಲ್ಲಿಯೇ ಬರೆಯುತ್ತೇನೆ. ನಮ್ಮಪ್ಪನಿಗೆ ಬಾಯಿಯ ಕ್ಯಾನ್ಸರ್. ತಂಬಾಕು. ಕೊನೆಯ ಮೂರು ತಿಂಗಳು ನೋವು ಎಂಥದ್ದೆಂದರೆ, ರಾತ್ರಿ ಅಪ್ಪ ಕಂಬಕ್ಕೆ ತಲೆ ಒತ್ತಿಕೊಂಡು ನಿಲ್ಲುತ್ತಿದ್ದರು. ಬೆಂಗಳೂರಿನಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರು ಮಾರ್ಫಿನ್ ಮಾತ್ರೆ ಬರೆದರು. ಅಲ್ಲಿ ಕೊಟ್ಟಿದ್ದು ಮುಗಿದ ಮೇಲೆ ಇಲ್ಲಿ ಹುಡುಕಲು ಹೊರಟೆ. ಊರಿನ ಒಂದು ಅಂಗಡಿಯಲ್ಲೂ ಇಲ್ಲ. ಒಬ್ಬರಂತೂ ಹೆಸರು ಕೇಳಿದ ಕೂಡಲೇ ‘ಇಂಥದ್ದೆಲ್ಲ ನಮ್ಮಲ್ಲಿ ಇಲ್ಲ, ಹೊರಡಿ’ ಎಂದು ಸುತ್ತಲಿನವರು ತಿರುಗಿ ನೋಡುವ ಹಾಗೆ ಜೋರು ಮಾಡಿದರು. ನಾನು ಗಾಂಜಾ ಕೇಳಲು ಹೋದವಳೇನೋ ಎನ್ನುವ ಹಾಗೆ.

ಆಮೇಲೆ ಪ್ರತಿ ಸಲವೂ ತಮ್ಮ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ತಂದ. ಕೊನೆಯ ಸಲ ತಂದ ಮಾತ್ರೆಗಳಲ್ಲಿ ಹೆಚ್ಚಿನವು ಉಳಿದವು.

ಸ್ಟೆತಸ್ಕೋಪು, ರಾಯಚೂರು

ಅಕ್ಕಾ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಹೆಚ್ಚು ಸಂಕಟದ ಸಂಗತಿ ಎಂದರೆ, ಕಾಗದದ ಮೇಲೆ ಕಾನೂನು ನಿಮ್ಮಪ್ಪನ ಪರವಾಗಿಯೇ ಇತ್ತು. ಮೊದಲು ಮಾರ್ಫಿನ್ ಇಡಬೇಕೆಂದರೆ ಆಸ್ಪತ್ರೆ ಹಲವು ಕಚೇರಿಗಳಿಂದ ಬೇರೆ ಬೇರೆ ಪರವಾನಗಿ ತರಬೇಕಿತ್ತು, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ‘ಅತ್ಯಗತ್ಯ ಮಾದಕ ಔಷಧ’ ಎಂಬ ಹೊಸ ವರ್ಗ ಮಾಡಿದರು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೈನ್, ಹೈಡ್ರೊಕೊಡೋನ್, ಈ ಆರು. ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದು ಅನುಮತಿ ಪಡೆದರೆ ಆಸ್ಪತ್ರೆ ಇವನ್ನು ಇಟ್ಟು ಕೊಡಬಹುದು. ಹಾಗೆ ಮುಂದೆ ಬರುವ ಆಸ್ಪತ್ರೆಗಳು ನಮ್ಮ ಕಡೆ ಕಡಿಮೆ. ಲೆಕ್ಕ ತಪ್ಪಿದರೆ ಜೈಲು ಎಂಬ ಭಯ.

ಹುಣಸೆ ನೆರಳು, ಕೊಪ್ಪಳ

ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಸೂಜಿಮಲ್ಲಿಗೆ, ಬಳ್ಳಾರಿ

ನನ್ನ ಮಗನಿಗೆ ಒಂದು ಕಡೆ ಕೂರಲಾಗದ, ಗಮನ ನಿಲ್ಲದ ತೊಂದರೆ. ಮೀಥೈಲ್‌ಫೆನಿಡೇಟ್ ಕೊಡುತ್ತೇವೆ. ಅದು ಷೆಡ್ಯೂಲ್ ಎಕ್ಸ್. ಎರಡು ಪ್ರತಿ ಚೀಟಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ. ಮಾತ್ರೆ ಬೀಗ ಹಾಕಿದ ಕಪಾಟಿನಲ್ಲಿರುತ್ತದೆ. ಆ ಪರವಾನಗಿ ಇರುವ ಅಂಗಡಿ ಹುಡುಕುವಷ್ಟರಲ್ಲಿ ಸಾಕಾಗಿ ಹೋಗಿತ್ತು. ಒಮ್ಮೆ ಸಿಕ್ಕ ಮೇಲೆ ತೊಂದರೆ ಇಲ್ಲ. ನಿಯಮ ಕಟ್ಟುನಿಟ್ಟಾಗಿದ್ದರೂ ಎಲ್ಲರಿಗೂ ಗೊತ್ತಿದ್ದರೆ ನಡೆಯುತ್ತದೆ ಎನ್ನುವುದಕ್ಕೆ ಹೇಳಿದೆ.

ಮಿರ್ಚಿ ಮಂಡಕ್ಕಿ, ಬಳ್ಳಾರಿ

ಮೊದಲು ನಾನು ಕೊಟ್ಟ ಸಲಹೆ ವಾಪಸ್. ಆದರೆ ಒಂದು ಸಂಶಯ. ಆಸ್ಪತ್ರೆ ದೂರ ಇರುವವರು ಆರು ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಟ್ಟುಕೊಂಡರೆ? ಅಲ್ಪ್ರಾಜೋಲಮ್ 100 ಗ್ರಾಂ ದಾಟಿದರೆ ಮಾತ್ರ ದೊಡ್ಡ ಕೇಸು ಎಂದು ಓದಿದೆ. 0.25 ಮಿಲಿಗ್ರಾಂ ಮಾತ್ರೆ ಎಂದರೆ ನಾಲ್ಕು ಲಕ್ಷ ಮಾತ್ರೆ ಆಯಿತು. ಅಷ್ಟನ್ನು ಯಾರು ತಿನ್ನುತ್ತಾರೆ?

ಕರಿ ಕೋಟು, ಬಳ್ಳಾರಿ

ಈ ಲೆಕ್ಕ ನಂಬಿಕೊಂಡವರು ಜೈಲಿನಲ್ಲಿದ್ದಾರೆ. ಮಾತ್ರೆಯೊಳಗಿನ ಶುದ್ಧ ಔಷಧದ ತೂಕವನ್ನಷ್ಟೇ ಹಿಡಿಯುವುದಿಲ್ಲ, ಇಡೀ ಮಾತ್ರೆಯ ತೂಕ ಹಿಡಿಯುತ್ತಾರೆ. 2009ರ ಅಧಿಸೂಚನೆ ಹಾಗೆ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿಯಿತು. ಒಂದು ಮಾತ್ರೆ 0.1 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ನಾಲ್ಕು ಲಕ್ಷ ಒಂದು ಸಾವಿರಕ್ಕೆ ಇಳಿಯಿತು. ನೀವು ಹೇಳಿದ ದೊಡ್ಡ ಕೇಸಿಗೆ ಕಾನೂನಿನಲ್ಲಿ ‘ವಾಣಿಜ್ಯ ಪ್ರಮಾಣ’ ಎನ್ನುತ್ತಾರೆ, ಅದಕ್ಕೆ ಶಿಕ್ಷೆ ಕನಿಷ್ಠ ಹತ್ತು ವರ್ಷ.

ರೋಗಿಗಳು ಇದನ್ನು ಓದಿ ಹೆದರಬೇಡಿ. ಎನ್‌ಡಿಪಿಎಸ್ ನಿಯಮಗಳ 66ನೆಯ ನಿಯಮ ಸ್ವಂತ ಚಿಕಿತ್ಸೆಗೆ ಒಂದು ಸಲಕ್ಕೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಲು ಬಿಡುತ್ತದೆ. ದೀರ್ಘಕಾಲದ ಚಿಕಿತ್ಸೆ ಎಂದು ವೈದ್ಯರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ. ಚೀಟಿ ಜೊತೆಯಲ್ಲಿರಲಿ.

ಮಿರ್ಚಿ ಮಂಡಕ್ಕಿ, ಬಳ್ಳಾರಿ

ಇನ್ನು ಮೇಲೆ ನಾನು ಬರೀ ಓದುತ್ತೇನೆ.

ನಿವೃತ್ತ ಮೇಷ್ಟ್ರು, ಕುಷ್ಟಗಿ

ಸಿರುಗುಪ್ಪದವರಿಗೆ ಒಂದು ಮಾತು. ಬಳ್ಳಾರಿಗೇ ಯಾಕೆ ಹೋಗಬೇಕು? ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರಲ್ಲ. ನಮ್ಮಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯೇ ತೋರಿಸುತ್ತಾನೆ.

ಸ್ಟೆತಸ್ಕೋಪು, ರಾಯಚೂರು

ಮೇಷ್ಟ್ರು ಆರ್‌ಎಂಪಿ ಸಾಲವನ್ನು ಬಡ್ಡಿ ಸಮೇತ ತೀರಿಸಿದರು. ಒಂದು ತಮಾಷೆ ಗೊತ್ತೇ? ಮಾನಸಿಕ ಆರೋಗ್ಯ ಚಿಕಿತ್ಸೆ ದೊಡ್ಡ ಊರಿನ ಆಸ್ಪತ್ರೆಯಲ್ಲೇ ಇರಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದೇ ಬಳ್ಳಾರಿ. 1985ರಿಂದ ನಿಮ್ಹಾನ್ಸ್ ಇಲ್ಲಿ ನಡೆಸಿದ ಪ್ರಯೋಗಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ದೇಶದ ಪುಸ್ತಕಗಳಲ್ಲಿ ಓದುತ್ತಾರೆ, ಬಳ್ಳಾರಿಯವರಿಗೆ ಗೊತ್ತಿಲ್ಲ.

ನಡುವೆ ಅವ್ವನಿಗೆ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ನಡುಕ ಹೆಚ್ಚಾದರೆ ಕಾಯಬೇಡಿ, ನೇರ ಆಸ್ಪತ್ರೆಗೆ.

ಕಪ್ಪು ಮಣ್ಣು, ಮಾನ್ವಿ

ಗುರುವಾರ ನಾಲ್ಕು ಮಾತ್ರೆ ಇದ್ದವು. ಮಂಗಳವಾರಕ್ಕೆ ಮುಟ್ಟುವುದಿಲ್ಲವಲ್ಲ?

ಭತ್ತದ ಬಯಲು, ಸಿರುಗುಪ್ಪ (ಬುಧವಾರ)

ನಾನೂ ಅದನ್ನೇ ಎಣಿಸಿದೆ. ಅದಕ್ಕೇ ಸೋಮವಾರ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಲ್ಲಿನ ವೈದ್ಯರಿಗೆ ಎಲ್ಲ ಹೇಳಿದೆ. ಎರಡು ದಿನಕ್ಕೆ ಆಗುವಷ್ಟು ಬರೆದುಕೊಟ್ಟು, ಮಂಗಳವಾರ ಅವ್ವನನ್ನೇ ಕರೆತರಲು ಹೇಳಿದರು. ನಿನ್ನೆ ಮನೋವೈದ್ಯರು ಅವ್ವನ ಜೊತೆ ಅರ್ಧ ತಾಸು ಮಾತನಾಡಿದರು. ಅಪ್ಪನ ಬಗ್ಗೆ ಕೇಳಿದರು. ಆರು ವರ್ಷದಲ್ಲಿ ನಾವು ಯಾರೂ ಕೇಳದ್ದನ್ನು ಕೇಳಿದರು, ಅವ್ವ ಅತ್ತಳು. ಆಮೇಲೆ ಮಾತ್ರೆಯನ್ನು ನಿಧಾನವಾಗಿ ಇಳಿಸುವುದು ಹೇಗೆಂದು ವಾರದ ಲೆಕ್ಕದಲ್ಲಿ ಬರೆದುಕೊಟ್ಟರು. ಒಟ್ಟು ಎಷ್ಟು ಮಾತ್ರೆ, 15 ದಿನಕ್ಕೊಮ್ಮೆಯಂತೆ ಎರಡು ಸಲ ಕೊಡಬಹುದು, ಎಲ್ಲ ಚೀಟಿಯಲ್ಲೇ ಇದೆ. ಅಕ್ಷರ ಮುತ್ತಿನಂತಿದೆ.

ಅಂಗಡಿಯ ಹುಡುಗ ಒಂದು ಮಾತೂ ಆಡದೆ ಕೊಟ್ಟ. ರಿಜಿಸ್ಟರ್‌ನಲ್ಲಿ ಬರೆದುಕೊಂಡು ಸಹಿಯ ಮೇಲೆ ಮೊಹರು ಒತ್ತಿದ. ಅವನ ತಂದೆ ಒಳಗೆ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಹೊಸ ಚೀಟಿಯನ್ನು ಹಿಂದೆ ಮುಂದೆ ನೋಡಿ, ‘ಒಳ್ಳೆಯ ಡಾಕ್ಟರ್. ನಾಳೆ ಹೋಗಿ ಇದಕ್ಕೂ ಪ್ಲಾಸ್ಟಿಕ್ ಹಾಕಿಸಿಕೊಂಡು ಬಾ’ ಎಂದಳು.

ಗಲ್ಲಾಪೆಟ್ಟಿಗೆ, ಗಂಗಾವತಿ

ಬೇಡ ತಮ್ಮಾ, ಕೈ ಮುಗಿಯುತ್ತೇನೆ. ಇನ್ನೊಂದು ಮೊಹರು ಬಾಕಿ ಇದೆ.